ಕೂಪನ್ ಹಿಡಿದು ಲಾಸ್ ವೇಗಸ್‌ನಲ್ಲಿ ಉಳಿಯುವುದು: ಕ್ಯಾಸಿನೋ ಹೋಟೆಲ್ ರೂಮನ್ನು ಅಗ್ಗವಾಗಿ ಪಡೆಯುವ ಬಗೆ

ಲಾಸ್ ವೇಗಸ್‌ಗೆ ಹೊರಟವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಅಲ್ಲಿ ಕ್ಯಾಸಿನೋ ಹೋಟೆಲ್‌ಗಳಲ್ಲಿ ರೂಮು ಬಿಟ್ಟಿ ಸಿಗುತ್ತಂತೆ, ಕೂಪನ್ ಇದ್ದರೆ ಅರ್ಧ ಬೆಲೆಯಂತೆ, ಹೌದಾ? ಆ ಕೂಪನ್ ಎಲ್ಲಿ ಸಿಗುತ್ತೆ?" ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಬರೆದು ಸಾಕಾಯಿತು. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಹೌದು, ಅಗ್ಗಕ್ಕೆ ಸಿಗುತ್ತದೆ. ಆದರೆ ಕೂಪನ್ ಹುಡುಕುವುದು ನಾಲ್ಕನೆಯ ಕೆಲಸ, ಮೊದಲನೆಯದಲ್ಲ. ತಪ್ಪು ವಾರದಲ್ಲಿ ಹೋಗಿ 20 ಪರ್ಸೆಂಟ್ ರಿಯಾಯಿತಿ ಪಡೆದವನಿಗಿಂತ, ಸರಿಯಾದ ವಾರದಲ್ಲಿ ಕೂಪನ್ನೇ ಇಲ್ಲದೆ ಹೋದವನು ಕಡಿಮೆ ಖರ್ಚು ಮಾಡುತ್ತಾನೆ. ಇನ್ನೊಂದು ಮಾತು. ನೆವಾಡಾದಲ್ಲಿ 1931ರಲ್ಲಿ ಜೂಜು ಕಾನೂನುಬದ್ಧವಾಯಿತು. ಬಹಳ ಕಾಲ ಅಲ್ಲಿ ರೂಮು, ಊಟ ಎಲ್ಲ ಗಾಳದ ತುದಿಯ ಹುಳವಾಗಿದ್ದವು. ಅಗ್ಗವಾಗಿ ಮಲಗಿಸಿ, ಕೆಳಗಿನ ಆಟದ ಮೇಜಿನಲ್ಲಿ ವಸೂಲಿ ಮಾಡುವ ಲೆಕ್ಕ. ಈಗ ಸ್ಟ್ರಿಪ್ ಎಂಬ ಮುಖ್ಯ ಬೀದಿಯ ದೊಡ್ಡ ಹೋಟೆಲ್‌ಗಳಿಗೆ ಜೂಜಿಗಿಂತ ರೂಮು, ಊಟ, ಶೋಗಳಿಂದಲೇ ಆದಾಯ ಜಾಸ್ತಿ. ಹಾಗಾಗಿ "ವೇಗಸ್‌ನಲ್ಲಿ ಎಲ್ಲಾ ಪುಕ್ಕಟೆ" ಅನ್ನುವ ಹಳೆಯ ಮಾತನ್ನು ನಂಬಿಕೊಂಡು ಹೋಗಬೇಡಿ.

ಕೈಯಲ್ಲಿ ಏನೇನಿರಬೇಕು?

ವಯಸ್ಸು 21 ತುಂಬಿರಬೇಕು. ಜೂಜಿಗೆ ನೆವಾಡಾದ ಕಾನೂನು ಇದು. ಕ್ಯಾಸಿನೋ ಹೋಟೆಲ್‌ಗಳು ರೂಮು ಕೊಡುವಾಗಲೂ ಸಾಮಾನ್ಯವಾಗಿ ಇದೇ ವಯಸ್ಸು ಕೇಳುತ್ತವೆ. ಅಮೆರಿಕದ ಹೊರಗಿನಿಂದ ಹೋಗುವವರ ಹತ್ತಿರ ಅಸಲಿ ಪಾಸ್‌ಪೋರ್ಟ್ ಇರಬೇಕು. ಫೋನಿನಲ್ಲಿರುವ ಫೋಟೋ ತೋರಿಸಿದರೆ ಕೌಂಟರಿನಲ್ಲಿ ಒಪ್ಪುವುದಿಲ್ಲ. ನಿಮ್ಮದೇ ಹೆಸರಿನ ಒಂದು ಕ್ರೆಡಿಟ್ ಕಾರ್ಡ್ ಬೇಕು, ಡೆಬಿಟ್ ಯಾಕೆ ಬೇಡ ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಜೊತೆಗೆ ಇದಕ್ಕಾಗಿಯೇ ಹೊಸದೊಂದು ಇಮೇಲ್ ಐಡಿ ಮಾಡಿಕೊಳ್ಳಿ. ಇಲ್ಲದಿದ್ದರೆ ಮುಂದಿನ ಎರಡು ವರ್ಷ ನಿಮ್ಮ ಇನ್‌ಬಾಕ್ಸ್ ತುಂಬ ಬಫೆ ಮತ್ತು ಮ್ಯಾಜಿಕ್ ಶೋಗಳ ಜಾಹೀರಾತೇ ತುಂಬಿರುತ್ತದೆ.

1. ಮೊದಲು ತಾರೀಖು, ಆಮೇಲೆ ಹೋಟೆಲು

ಹೆಚ್ಚು ಹಣ ಉಳಿಯುವುದು ಇಲ್ಲೇ. ವೇಗಸ್‌ನಲ್ಲಿ ಒಂದೇ ರೂಮಿನ ಬೆಲೆ ಮಂಗಳವಾರ ಒಂದು, ಶನಿವಾರ ಅದರ ಮೂರು ಪಟ್ಟು ಇರುವುದು ಮಾಮೂಲು. ಭಾನುವಾರ ರಾತ್ರಿಯಿಂದ ಗುರುವಾರ ಬೆಳಗಿನವರೆಗೆ ಉಳಿಯುವಂತೆ ಪ್ಲಾನ್ ಮಾಡಿ. ಶುಕ್ರವಾರ, ಶನಿವಾರ ಬಿಡಲೇಬಾರದು ಅನ್ನುವ ಹಟ ಇಲ್ಲದಿದ್ದರೆ ನಿಮ್ಮ ಅರ್ಧ ಕೆಲಸ ಮುಗಿಯಿತು.

ವಾರದ ದಿನ ಆದಮೇಲೆ ವರ್ಷದ ಕಾಲ ನೋಡಿ. ಜುಲೈ, ಆಗಸ್ಟ್ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಮಧ್ಯಾಹ್ನ ರಸ್ತೆಯಲ್ಲಿ ನಡೆಯುವುದು ಶಿಕ್ಷೆ. ಆದರೆ ವಾರದ ನಡುವೆ ಬೆಲೆ ಇಳಿದಿರುತ್ತದೆ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದ ಮೇಲೆ, ಕ್ರಿಸ್‌ಮಸ್‌ಗೆ ಮುಂಚೆ ಸಿಗುವ ದಿನಗಳೂ ಒಳ್ಳೆಯವೇ. ಒಂದೇ ತೊಡಕೆಂದರೆ ಡಿಸೆಂಬರ್‌ನ ಮೊದಲರ್ಧದಲ್ಲಿ 10 ದಿನ ರಾಷ್ಟ್ರೀಯ ರೋಡಿಯೋ, ಅಂದರೆ ಕುದುರೆ, ಗೂಳಿ ಸವಾರಿಯ ಪಂದ್ಯ ನಡೆಯುತ್ತದೆ, ಕೌಬಾಯ್ ಟೋಪಿಯವರಿಂದ ಊರು ತುಂಬಿರುತ್ತದೆ.

ದೂರ ಇರಬೇಕಾದ ದಿನಗಳನ್ನು ಬರೆದಿಟ್ಟುಕೊಳ್ಳಿ. ಜನವರಿಯ ಮೊದಲ ದಿನಗಳಲ್ಲಿ ಸಿಇಎಸ್ ಎಂಬ ಎಲೆಕ್ಟ್ರಾನಿಕ್ಸ್ ಮೇಳ ಇರುತ್ತದೆ, ಲಕ್ಷಕ್ಕೂ ಹೆಚ್ಚು ಜನ ಬರುತ್ತಾರೆ. ನವೆಂಬರ್ ಶುರುವಿನಲ್ಲಿ ಸೀಮಾ ಎಂಬ ವಾಹನ ಬಿಡಿಭಾಗಗಳ ಮೇಳ. ಅದೇ ತಿಂಗಳಲ್ಲಿ, 2023ರಿಂದ, ಸ್ಟ್ರಿಪ್ ರಸ್ತೆಯ ಮೇಲೇ ಫಾರ್ಮುಲಾ ಒನ್ ರೇಸ್. ಅಮೆರಿಕನ್ ಫುಟ್‌ಬಾಲ್ ಫೈನಲ್ ಆದ ಸೂಪರ್ ಬೌಲ್ ವಾರಾಂತ್ಯ, ಹೊಸ ವರ್ಷದ ಹಿಂದಿನ ರಾತ್ರಿ ಇದ್ದೇ ಇವೆ. ಮೇಳದ ವಾರದಲ್ಲಿ ಮಂಗಳವಾರವೂ ಶನಿವಾರದಷ್ಟೇ ದುಬಾರಿ ಅನ್ನುವುದನ್ನು ಬಹಳ ಜನ ಮರೆಯುತ್ತಾರೆ. ಊರಿನ ಪ್ರವಾಸೋದ್ಯಮ ಮಂಡಳಿ ಮುಂಬರುವ ಮೇಳಗಳ ಪಟ್ಟಿಯನ್ನು ತನ್ನ ವೆಬ್‌ಸೈಟಿನಲ್ಲೇ ಹಾಕುತ್ತದೆ. ಟಿಕೆಟ್ ಬುಕ್ ಮಾಡುವ ಮುಂಚೆ ಐದು ನಿಮಿಷ ಅದನ್ನು ನೋಡಿ. ಆ ಐದು ನಿಮಿಷ ಯಾವ ಕೂಪನ್‌ಗಿಂತಲೂ ದೊಡ್ಡದು.

ಹೋಟೆಲಿನ ಸ್ವಂತ ಸೈಟಿನಲ್ಲಿ ಸಾಮಾನ್ಯವಾಗಿ ಒಂದು ಕ್ಯಾಲೆಂಡರ್ ಇರುತ್ತದೆ, ಪ್ರತಿ ದಿನದ ಚೌಕದಲ್ಲೂ ಆ ರಾತ್ರಿಯ ದರ. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರೆ ಯಾವ ವಾರ ತಗ್ಗು, ಯಾವ ವಾರ ದಿಣ್ಣೆ ಅಂತ ಕಣ್ಣಿಗೇ ಕಾಣುತ್ತದೆ.

2. ಯಾವ ಕಡೆ ಉಳಿಯುತ್ತೀರಿ?

ಸ್ಟ್ರಿಪ್ ಅಂದರೆ ದೊಡ್ಡ ಹೋಟೆಲ್‌ಗಳೆಲ್ಲ ಸಾಲಾಗಿ ನಿಂತಿರುವ ಉದ್ದ ರಸ್ತೆ. ತಮಾಷೆ ಏನೆಂದರೆ, ಅದರ ಬಹುಭಾಗ ಲಾಸ್ ವೇಗಸ್ ನಗರದ ಗಡಿಯೊಳಗೇ ಇಲ್ಲ, ಪಕ್ಕದ ಪ್ಯಾರಡೈಸ್ ಪ್ರದೇಶದಲ್ಲಿದೆ. ಹಳೆಯ ಊರು ಅಂದರೆ ಡೌನ್‌ಟೌನ್, ಫ್ರೀಮಾಂಟ್ ಸ್ಟ್ರೀಟ್ ಸುತ್ತಮುತ್ತ. ಕೆಲವು ಮೈಲಿ ಉತ್ತರಕ್ಕಿದೆ, ಬೆಲೆ ಸಾಮಾನ್ಯವಾಗಿ ಕಡಿಮೆ. ಎರಡರ ನಡುವೆ ಡ್ಯೂಸ್ ಎಂಬ ಡಬಲ್ ಡೆಕ್ಕರ್ ಬಸ್ಸು ಹಗಲೂ ರಾತ್ರಿಯೂ ಓಡುತ್ತದೆ. ಮೂರನೆಯದು ಊರಿನವರೇ ಹೋಗುವ ಕ್ಯಾಸಿನೋಗಳು: ಆರ್ಲಿನ್ಸ್, ಗೋಲ್ಡ್ ಕೋಸ್ಟ್, ಸ್ಯಾಮ್ಸ್ ಟೌನ್, ಪ್ಯಾಲೆಸ್ ಸ್ಟೇಷನ್ ಥರದವು. ಬಾಡಿಗೆ ಕಾರು ತಗೊಳ್ಳುವವರಿಗೆ ಇವು ಚೆನ್ನ. ಕಾರಿಲ್ಲದವರು ಅಲ್ಲಿ ರೂಮಿನಲ್ಲಿ ಉಳಿಸಿದ್ದನ್ನೆಲ್ಲ ಟ್ಯಾಕ್ಸಿಗೆ ಸುರಿಯಬೇಕಾಗುತ್ತದೆ.

3. ಪ್ಲೇಯರ್ಸ್ ಕ್ಲಬ್ ಸೇರಿ, ಆಡದಿದ್ದರೂ ಸರಿ

ಪ್ಲೇಯರ್ಸ್ ಕ್ಲಬ್ ಅಂದರೆ ಕ್ಯಾಸಿನೋದ ಸದಸ್ಯತ್ವ. ದುಡ್ಡು ಕೊಡಬೇಕಿಲ್ಲ. ಹೆಸರು, ಹುಟ್ಟಿದ ದಿನ, ಇಮೇಲ್ ಕೊಟ್ಟರೆ ಆನ್‌ಲೈನ್‌ನಲ್ಲೇ ಒಂದು ನಂಬರ್ ಸಿಗುತ್ತದೆ. ಸದಸ್ಯರಾಗಿ ಲಾಗಿನ್ ಆಗಿ ನೋಡಿದರೆ, ಹಾಗೇ ನೋಡುವವರಿಗಿಂತ ಸ್ವಲ್ಪ ಕಡಿಮೆ ದರ ಕಾಣುವುದು ಸಾಮಾನ್ಯ. ಇದೇ ನಿಮ್ಮ ಮೊದಲ ರಿಯಾಯಿತಿ.

ಹತ್ತು ಕಡೆ ಸೇರುವ ಅಗತ್ಯವಿಲ್ಲ. ಸ್ಟ್ರಿಪ್‌ನ ಬಹಳಷ್ಟು ಹೋಟೆಲ್‌ಗಳು ಎರಡೇ ಕಂಪನಿಗಳ ಕೈಯಲ್ಲಿವೆ. ಬೆಲಾಜಿಯೊ, ಎಂಜಿಎಂ ಗ್ರ್ಯಾಂಡ್, ಮ್ಯಾಂಡಲೇ ಬೇ, ಲಕ್ಸರ್, ಎಕ್ಸ್‌ಕ್ಯಾಲಿಬರ್ ಎಲ್ಲದಕ್ಕೂ ಎಂಜಿಎಂ ರಿವಾರ್ಡ್ಸ್ ಎಂಬ ಒಂದೇ ಕ್ಲಬ್. ಸೀಸರ್ಸ್ ಪ್ಯಾಲೆಸ್, ಫ್ಲಮಿಂಗೊ, ಹ್ಯಾರಾಸ್, ಲಿಂಕ್, ಪ್ಯಾರಿಸ್, ಹಾರ್ಸ್‌ಶೂ ಇವಕ್ಕೆ ಸೀಸರ್ಸ್ ರಿವಾರ್ಡ್ಸ್. ಈ ಎರಡಕ್ಕೆ ಸೇರಿದರೆ ಸಾಕು, ಡೌನ್‌ಟೌನ್ ಕಡೆ ಹೋಗುವುದಾದರೆ ಅಲ್ಲಿಯದೊಂದು.

ಹೆಸರನ್ನು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಬರೆಯಿರಿ. ನಮ್ಮಲ್ಲಿ ಅಪ್ಪನ ಹೆಸರು, ಇನಿಷಿಯಲ್, ಊರ ಹೆಸರು ಎಲ್ಲ ಸೇರಿ ಒಂದೊಂದು ಕಡೆ ಒಂದೊಂದು ಥರ ಇರುತ್ತದಲ್ವಾ? ಅಕೌಂಟಿನ ಹೆಸರು ಒಂದು, ಗುರುತಿನ ಚೀಟಿಯ ಹೆಸರು ಇನ್ನೊಂದು ಆದರೆ ಕೌಂಟರಿನಲ್ಲಿ ನಿಮ್ಮ ಆಫರ್ ಸಿಕ್ಕುವುದೇ ಕಷ್ಟ.

4. ಈಗ ಕೂಪನ್ ಬೇಟೆ

ಕೂಪನ್ ಅಂದಾಗ ಪತ್ರಿಕೆಯಿಂದ ಕತ್ತರಿಸುವ ಕಾಗದ ನೆನಪಾದರೆ, ಅದೂ ಪೂರ್ತಿ ಹೋಗಿಲ್ಲ. ಆದರೆ ರೂಮಿನ ಮಟ್ಟಿಗೆ ಕೂಪನ್ ಅಂದರೆ ಈಗ ಪ್ರೋಮೋ ಕೋಡ್: ಬುಕ್ ಮಾಡುವಾಗ ಒಂದು ಡಬ್ಬಿಯಲ್ಲಿ ಟೈಪ್ ಮಾಡುವ ಅಕ್ಷರ, ಅಂಕಿಗಳ ಗುಟ್ಟಿನ ಪದ. ಸಿಗುವ ಜಾಗಗಳನ್ನು ನನಗೆ ನಂಬಿಕೆ ಇರುವ ಕ್ರಮದಲ್ಲಿ ಹೇಳುತ್ತೇನೆ.

ಮೊದಲು ಹೋಟೆಲಿನದೇ ಸೈಟಿನ ಆಫರ್ ಪುಟ. ಎರಡನೆಯದು, ಕ್ಲಬ್ ಸೇರಿದ ಮೇಲೆ ಬರುವ ಇಮೇಲ್. ಸೇರಿದ ದಿನವೇ ಬುಕ್ ಮಾಡದೆ ಒಂದೆರಡು ವಾರ ಕಾದರೆ ಹೊಸಬರಿಗೆಂದೇ ಕಳಿಸುವ ಆಫರ್ ಬರುವುದುಂಟು. ಮೂರನೆಯದು, ಸಂಘಗಳ ರಿಯಾಯಿತಿ. ಅಮೆರಿಕದಲ್ಲಿ ಇರುವವರಾದರೆ ಎಎಎ ಎಂಬ ವಾಹನ ಚಾಲಕರ ಸಂಘದ ಸದಸ್ಯರಿಗೆ, 50 ದಾಟಿದವರ ಎಎಆರ್‌ಪಿ ಸಂಘದ ಸದಸ್ಯರಿಗೆ, ಸೈನ್ಯದಲ್ಲಿ ಇರುವವರಿಗೆ ಬೇರೆ ದರ ಇರುತ್ತದೆ. ಚೆಕ್-ಇನ್ ಮಾಡುವಾಗ ಕಾರ್ಡ್ ತೋರಿಸಿ ಅಂತ ಕೇಳಿದರೆ ಇರಬೇಕು, ಸುಮ್ನೆ ಟಿಕ್ ಹಾಕಿ ಹೋಗಬೇಡಿ.

ನಾಲ್ಕನೆಯದು ಹೆಸರು ಮುಚ್ಚಿಟ್ಟು ಮಾರುವ ಸೈಟುಗಳು. ಹಾಟ್‌ವೈರ್, ಪ್ರೈಸ್‌ಲೈನ್‌ನಲ್ಲಿ "ಸ್ಟ್ರಿಪ್‌ನಲ್ಲಿ, ನಾಲ್ಕು ಸ್ಟಾರ್, ಇಷ್ಟು ಬೆಲೆ" ಎಂದಷ್ಟೇ ತೋರಿಸುತ್ತಾರೆ. ಯಾವ ಹೋಟೆಲು ಅಂತ ಗೊತ್ತಾಗುವುದು ದುಡ್ಡು ಕೊಟ್ಟ ಮೇಲೆ. ಬೆಲೆ ನಿಜಕ್ಕೂ ಕಡಿಮೆ ಇರಬಹುದು. ಆದರೆ ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಇಲ್ಲ, ರೆಸಾರ್ಟ್ ಫೀ ಎಂಬ ಕಡ್ಡಾಯ ಶುಲ್ಕವನ್ನು ಹೋಟೆಲಿನಲ್ಲಿ ಬೇರೆ ಕಟ್ಟಬೇಕಾಗುತ್ತದೆ, ಏನಾದರೂ ತೊಂದರೆಯಾದರೆ ಹೋಟೆಲಿನವರು "ಬುಕ್ ಮಾಡಿದ ಕಡೆ ಕೇಳಿ" ಅನ್ನುತ್ತಾರೆ. ಮನೆಮಂದಿಯೆಲ್ಲ ಹೋಗುವಾಗ ಈ ದಾರಿ ಬೇಡ. ಒಬ್ಬರೇ ಹೋಗುವವರಿಗೆ ಪರವಾಗಿಲ್ಲ.

"ಎಲ್ಲಾ ಹೋಟೆಲಿನ ಕೂಪನ್ ಇಲ್ಲಿದೆ" ಎನ್ನುವ ಕೂಪನ್ ಸೈಟುಗಳನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ಅಲ್ಲಿ "ಕೋಡ್ ನೋಡಲು ಒತ್ತಿ" ಅಂತ ಬಟನ್ ಇರುತ್ತದೆ. ಒತ್ತಿದರೆ ಇನ್ನೊಂದು ಕಿಟಕಿಯಲ್ಲಿ ಹೋಟೆಲಿನ ಸೈಟು ತೆರೆಯುತ್ತದೆ. ನೀವು ಬುಕ್ ಮಾಡಿದರೆ ಆ ಸೈಟಿನವರಿಗೆ ಕಮಿಷನ್. ಕೋಡ್ ಮಾತ್ರ ಎಷ್ಟೋ ಸಲ ಅವಧಿ ಮುಗಿದದ್ದೋ, ಹೋಟೆಲಿನ ಮೊದಲ ಪುಟದಲ್ಲೇ ಎಲ್ಲರಿಗೂ ಕಾಣುವ ಆಫರೋ ಆಗಿರುತ್ತದೆ. ಮೂಗಿಗೆ ತುಪ್ಪ ಸವರುವುದು ಅಂತಾರಲ್ಲ, ಅದೇ.

ಕೋಡ್ ಸಿಕ್ಕ ಮೇಲೆ ಕೆಳಗಿನ ಸಣ್ಣ ಅಕ್ಷರ ಓದಿ. ಬ್ಲ್ಯಾಕ್‌ಔಟ್ ಡೇಟ್ಸ್ ಅಂದರೆ ಕೂಪನ್ ನಡೆಯದ ದಿನಗಳು. "ಅಪ್ ಟು 40 ಪರ್ಸೆಂಟ್" ಅಂದರೆ ನಲವತ್ತರವರೆಗೆ, ನಿಮಗೆ ಸಿಗುವುದು ಹತ್ತೇ ಇರಬಹುದು. ಕನಿಷ್ಠ ಎರಡು ರಾತ್ರಿ, ಮೂರು ರಾತ್ರಿ ಎನ್ನುವ ಷರತ್ತು ಇರುತ್ತದೆ. ಒಂದರ ಮೇಲೊಂದು ಕೂಪನ್ ಹಾಕಲು ಬಹುತೇಕ ಎಲ್ಲೂ ಬಿಡುವುದಿಲ್ಲ.

"50 ಡಾಲರ್ ಊಟದ ಕ್ರೆಡಿಟ್" ಥರದ ಆಫರ್ ಬಂದರೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಇದು ಪ್ರತಿ ರಾತ್ರಿಗೋ, ಇಡೀ ವಾಸ್ತವ್ಯಕ್ಕೋ? ಯಾವ ರೆಸ್ಟೋರೆಂಟಿನಲ್ಲಿ? ಖರ್ಚು ಮಾಡದೆ ಉಳಿದದ್ದು ಹೋಯಿತು ಅಂತಲೇ ಲೆಕ್ಕ. ಮಾಂಸ ತಿನ್ನದವರು ಆ ರೆಸ್ಟೋರೆಂಟಿನ ಮೆನು ಒಮ್ಮೆ ತೆರೆದು ನೋಡಿ. ಸ್ಟೇಕ್ ಹೌಸಿನ ಕ್ರೆಡಿಟ್ ಹಿಡಿದು ಆಲೂಗಡ್ಡೆ ತಿನ್ನಬೇಕಾದೀತು.

5. ಕೊನೆಯ ಸಾಲು ನೋಡಿ

ಇಲ್ಲಿ ಸ್ವಲ್ಪ ಗಮನ ಕೊಡಿ. ಹೆಚ್ಚು ಜನ ಕೈ ಸುಟ್ಟುಕೊಳ್ಳುವುದು ಈ ಹಂತದಲ್ಲೇ.

ರೆಸಾರ್ಟ್ ಫೀ ಅಂದರೆ ವೈಫೈ, ಜಿಮ್, ಈಜುಕೊಳ, ಫೋನ್ ಇತ್ಯಾದಿ ಹೆಸರಿನಲ್ಲಿ ಪ್ರತಿ ರಾತ್ರಿ ಕಟ್ಟಲೇಬೇಕಾದ ಶುಲ್ಕ. "ನಾನು ಜಿಮ್‌ಗೆ ಹೋಗಲ್ಲ, ಬೇಡ" ಅಂದರೆ ನಡೆಯುವುದಿಲ್ಲ. ಅಗ್ಗದ ಹೋಟೆಲ್‌ಗಳಲ್ಲಿ ಈ ಫೀ ರೂಮಿನ ದರವನ್ನೇ ಮೀರಿಸುವುದುಂಟು. ಇವೆರಡರ ಮೇಲೂ ಸುಮಾರು 13 ಪರ್ಸೆಂಟ್ ರೂಮ್ ಟ್ಯಾಕ್ಸ್.

ಒಂದು ಲೆಕ್ಕ ಮಾಡೋಣ. ರೂಮಿನ ದರ 35 ಡಾಲರ್, ರೆಸಾರ್ಟ್ ಫೀ 40 ಡಾಲರ್ ಅಂದುಕೊಳ್ಳಿ. ಒಟ್ಟು 75. ಟ್ಯಾಕ್ಸ್ ಸೇರಿ ಹತ್ತಿರ ಹತ್ತಿರ 85. ನಿಮ್ಮ ಕೈಯಲ್ಲಿ 20 ಪರ್ಸೆಂಟ್ ಕೂಪನ್ ಇದೆ. ಆದರೆ ಅದು ನಡೆಯುವುದು ರೂಮಿನ ದರಕ್ಕೆ ಮಾತ್ರ. 35ರಲ್ಲಿ 7 ಡಾಲರ್ ಕಡಿತ. ಫೀ 40 ಹಾಗೇ ನಿಂತಿದೆ. ಟ್ಯಾಕ್ಸ್ ಸೇರಿ ಸುಮಾರು 77 ಆಯಿತು. 85ರ ಜಾಗದಲ್ಲಿ 77. ಇಪ್ಪತ್ತು ಪರ್ಸೆಂಟ್ ಅಂತ ಕುಣಿದದ್ದು ನಿಜವಾಗಿ ಒಂಬತ್ತು ಪರ್ಸೆಂಟ್ ಅಷ್ಟೇ. ಅದೇ ಹೊತ್ತಿಗೆ ಪಕ್ಕದಲ್ಲೊಂದು ಹೋಟೆಲು ಕೂಪನ್ ಏನೂ ಕೊಡದೆ, ರೂಮಿಗೆ 45, ಫೀ 20 ಕೇಳುತ್ತಿದ್ದರೆ? ಒಟ್ಟು 65, ಟ್ಯಾಕ್ಸ್ ಸೇರಿ 73 ಚಿಲ್ಲರೆ. ಕೂಪನ್ ಇಲ್ಲದ ಹೋಟೆಲೇ ಅಗ್ಗ.

"ರೂಮು ಬಿಟ್ಟಿ" ಎನ್ನುವ ಆಫರಿಗೂ ಇದೇ ಲೆಕ್ಕ ಹಾಕಿ. ರೂಮಿನ ದರ ಸೊನ್ನೆ, ಫೀ ಮಾತ್ರ ಇದೆ ಅನ್ನುವ ಬಿಟ್ಟಿ ರೂಮುಗಳೂ ಇವೆ.

ಮೊದಲು ಈ ಫೀಯನ್ನು ಕೊನೆಯ ಪುಟದವರೆಗೂ ಅಡಗಿಸಿಡುತ್ತಿದ್ದರು. 2025ರ ಮೇ 12ರಿಂದ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನ ಹೊಸ ನಿಯಮ ಜಾರಿಗೆ ಬಂದಿದೆ. ಅದರ ಪ್ರಕಾರ ಕಡ್ಡಾಯ ಫೀ ಸೇರಿಸಿದ ಬೆಲೆಯನ್ನೇ ಮೊದಲು ತೋರಿಸಬೇಕು. ಆದರೆ ಸರ್ಕಾರದ ಟ್ಯಾಕ್ಸನ್ನು ಆಮೇಲೆ ಸೇರಿಸಬಹುದು. ಹಾಗಾಗಿ ಒಂದು ಸೈಟಿನ ಮೊದಲ ಪುಟವನ್ನು ಇನ್ನೊಂದರ ಕೊನೆಯ ಪುಟದ ಜೊತೆ ಹೋಲಿಸಬೇಡಿ. ಎರಡರಲ್ಲೂ ಕಾರ್ಡ್ ನಂಬರ್ ಕೇಳುವ ಪುಟದವರೆಗೆ ಹೋಗಿ, ಅಲ್ಲಿನ ಒಟ್ಟು ಮೊತ್ತವನ್ನು ಚೀಟಿಯಲ್ಲಿ ಬರೆದುಕೊಳ್ಳಿ.

ಆ ಚೀಟಿಗೆ ಇನ್ನೂ ಎರಡು ಸೇರಿಸಿ. ಕಾರು ಇದ್ದರೆ ಪಾರ್ಕಿಂಗ್. ಸ್ಟ್ರಿಪ್‌ನಲ್ಲಿ ಪಾರ್ಕಿಂಗ್ ಪುಕ್ಕಟೆ ಇದ್ದ ಕಾಲ 2016ರಲ್ಲಿ ಎಂಜಿಎಂ ಹೋಟೆಲ್‌ಗಳಿಂದ ಮುಗಿಯತೊಡಗಿತು. ಈಗಲೂ ಪುಕ್ಕಟೆ ಇರುವ ಕಡೆ ಅದೇ ಒಂದು ದೊಡ್ಡ ಕೂಪನ್. ಇನ್ನೊಂದು, ಒಂದೇ ರೂಮಿನಲ್ಲಿ ಮೂರನೆಯ, ನಾಲ್ಕನೆಯ ದೊಡ್ಡವರಿದ್ದರೆ ತಲೆಗಿಷ್ಟು ಅಂತ ಹೆಚ್ಚುವರಿ ದುಡ್ಡು ಕೇಳುವ ಹೋಟೆಲ್‌ಗಳು ಬಹಳ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಬುಕ್ ಮಾಡುವಾಗಲೇ ನಾಲ್ಕು ಜನ ಅಂತ ಹಾಕಿ ಬೆಲೆ ನೋಡಿ.

6. ವಾಪಸ್ ಸಿಗುವ ದರದಲ್ಲಿ ಬುಕ್ ಮಾಡಿ, ಆಮೇಲೂ ನೋಡುತ್ತಿರಿ

ಹೋಟೆಲಿನ ಸ್ವಂತ ಸೈಟಿನಲ್ಲಿ ಎರಡು ಥರದ ದರ ಇರುತ್ತದೆ. ಸ್ವಲ್ಪ ಕಡಿಮೆಯದು, ಆದರೆ ದುಡ್ಡು ವಾಪಸ್ ಇಲ್ಲ. ಸ್ವಲ್ಪ ಜಾಸ್ತಿಯದು, ಹೋಗುವ ಎರಡು ಮೂರು ದಿನ ಮುಂಚಿನವರೆಗೂ ಕ್ಯಾನ್ಸಲ್ ಮಾಡಬಹುದು. ನನ್ನ ಸಲಹೆ ಎರಡನೆಯದು. ಯಾಕೆಂದರೆ ವೇಗಸ್‌ನ ದರ ವಿಮಾನದ ಟಿಕೆಟಿನ ಥರ ಏರಿಳಿಯುತ್ತದೆ, ಕೂಪನ್‌ಗಳೂ ಬಂದು ಹೋಗುತ್ತಿರುತ್ತವೆ. ವಾರಕ್ಕೊಮ್ಮೆ ಅದೇ ತಾರೀಖು ಹಾಕಿ ನೋಡಿ. ಇಳಿದಿದ್ದರೆ ಮೊದಲು ಹೊಸದನ್ನು ಬುಕ್ ಮಾಡಿ, ಆಮೇಲೆ ಹಳೆಯದನ್ನು ಬಿಡಿ. ಈ ಕ್ರಮ ತಿರುವುಮುರುವು ಮಾಡಬೇಡಿ. ಕ್ಯಾನ್ಸಲ್ ಮಾಡುವ ಕೊನೆಯ ದಿನವನ್ನು ಫೋನಿನ ಕ್ಯಾಲೆಂಡರಿಗೆ ಹಾಕಿ, ಅಲ್ಲಿನ ಗಡಿಯಾರದ ಲೆಕ್ಕದಲ್ಲಿ.

7. ಚೆಕ್-ಇನ್ ಕೌಂಟರಿನಲ್ಲಿ

ಇಲ್ಲಿ ನಿಮ್ಮ ಕಾರ್ಡಿನಲ್ಲಿ ಒಂದಷ್ಟು ದುಡ್ಡು ತಡೆಹಿಡಿಯುತ್ತಾರೆ. ಅದು ಖರ್ಚಲ್ಲ, ಠೇವಣಿ ಇದ್ದ ಹಾಗೆ. ರಾತ್ರಿಗೆ 50, 100 ಡಾಲರ್ ಅಥವಾ ಅದಕ್ಕೂ ಜಾಸ್ತಿ ಇರಬಹುದು. ಕ್ರೆಡಿಟ್ ಕಾರ್ಡ್ ಆದರೆ ಮಿತಿ ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟೇ. ಡೆಬಿಟ್ ಕಾರ್ಡ್ ಕೊಟ್ಟರೆ ನಿಮ್ಮ ಖಾತೆಯ ಹಣವೇ ಸಿಕ್ಕಿಹಾಕಿಕೊಂಡು, ರೂಮು ಬಿಟ್ಟು ಹಲವು ದಿನಗಳಾದ ಮೇಲೆ ಬಿಡುಗಡೆಯಾಗುತ್ತದೆ. ಡೆಬಿಟ್ ಬೇಡ ಅಂದದ್ದು ಇದಕ್ಕೇ.

ಪಾಸ್‌ಪೋರ್ಟ್ ಮತ್ತು ಕಾರ್ಡಿನ ನಡುವೆ 20 ಡಾಲರ್ ನೋಟು ಇಟ್ಟು "ಒಳ್ಳೆಯ ರೂಮು ಏನಾದರೂ ಇದೆಯಾ?" ಅಂತ ಕೇಳುವ ಹಳೆಯ ಉಪಾಯ ವೇಗಸ್‌ನಲ್ಲಿ ಪ್ರಸಿದ್ಧ. ಅಂತರ್ಜಾಲದಲ್ಲಿ ಇದನ್ನು ಮಂತ್ರದ ಹಾಗೆ ಹೇಳುತ್ತಾರೆ. ಈಗ ಚೆಕ್-ಇನ್ ಬಹಳ ಕಡೆ ಮಷಿನ್ನಿನಲ್ಲೋ ಫೋನಿನಲ್ಲೋ ಆಗುತ್ತದೆ, ಮಷಿನ್ನಿಗೆ ನೋಟು ತೋರಿಸಿ ಏನು ಪ್ರಯೋಜನ? ನಗುತ್ತಾ ಕೇಳಿ ನೋಡಿ. ಕೇಳುವುದಕ್ಕೆ ದುಡ್ಡಿಲ್ಲ.

ರೂಮಿನ ಒಳಗಿನ ಫ್ರಿಜ್ ವಿಷಯದಲ್ಲಿ ಹುಷಾರು. ಒಮ್ಮೆ ನನ್ನ ನೀರಿನ ಬಾಟಲಿಗೆ ಜಾಗ ಮಾಡಲು ಅದರೊಳಗಿದ್ದ ಎರಡು ಕ್ಯಾನ್ ಎತ್ತಿ ಪಕ್ಕಕ್ಕಿಟ್ಟೆ, ಕುಡಿಯಲಿಲ್ಲ. ಬಿಲ್ಲಿನಲ್ಲಿ ಎರಡೂ ಬಂದಿದ್ದವು. ಕೆಳಗೆ ಸೆನ್ಸರ್ ಇರುತ್ತದೆ, ಎತ್ತಿದರೆ ಕೊಂಡ ಹಾಗೆ. ಕೌಂಟರಿನಲ್ಲಿ ಹೇಳಿದ ಮೇಲೆ ತೆಗೆದರು, ಆದರೆ ನಾನು ಬಿಲ್ಲು ನೋಡದೆ ಬಂದಿದ್ದರೆ ಆ ವಾರ ನನ್ನ ಪ್ರೋಮೋ ಕೋಡ್ ಉಳಿಸಿದ್ದಷ್ಟೂ ಆ ಎರಡು ಕ್ಯಾನಿಗೇ ಹೋಗುತ್ತಿತ್ತು.

ರಸ್ತೆಯ ಬಲೆ

ಇದು ಹಂತವಲ್ಲ, ಎಚ್ಚರಿಕೆ. ಸ್ಟ್ರಿಪ್‌ನಲ್ಲಿ ನಡೆಯುವಾಗ, ಮಾಲ್‌ಗಳ ಬಾಗಿಲಲ್ಲಿ, "ಎಷ್ಟು ದಿನ ಇರ್ತೀರಿ? ಬಿಟ್ಟಿ ಶೋ ಟಿಕೆಟ್ ಬೇಕಾ?" ಅಂತ ನಗುಮುಖದಿಂದ ಕರೆಯುವವರು ಸಿಗುತ್ತಾರೆ. ಫೋನಿನಲ್ಲಿ, ಇಮೇಲಿನಲ್ಲಿ "ಮೂರು ರಾತ್ರಿ ಕೇವಲ 99 ಡಾಲರ್" ಥರದ ವೋಚರ್ ಬರುವುದೂ ಬಹುಪಾಲು ಇದೇ ಕುಲದ್ದು. ಇವು ಟೈಮ್‌ಶೇರ್ ಮಾರುವವರ ಕೂಪನ್. ಟೈಮ್‌ಶೇರ್ ಅಂದರೆ ಒಂದು ಮನೆಯನ್ನು ವರ್ಷಕ್ಕೆ ಒಂದು ವಾರ ಬಳಸುವ ಹಕ್ಕನ್ನು ಕೊಳ್ಳುವುದು, ಜೊತೆಗೆ ವರ್ಷವರ್ಷ ನಿರ್ವಹಣೆ ಶುಲ್ಕ ಕಟ್ಟುವುದು. ಎರಡು ಗಂಟೆ ಕೂತು ಅವರ ಮಾತು ಕೇಳಬೇಕು, ಗಂಡ ಹೆಂಡತಿ ಇಬ್ಬರೂ ಬರಬೇಕು, ಇಷ್ಟು ಆದಾಯ ಇರಬೇಕು ಅನ್ನುವ ಷರತ್ತುಗಳು. ಎರಡು ಗಂಟೆ ಅಂದದ್ದು ನಾಲ್ಕಾಗುತ್ತದೆ. "ಇಲ್ಲ" ಅಂತ ಮುಖಕ್ಕೆ ಹೇಳಿ ಎದ್ದು ಬರಲು ನಮ್ಮಲ್ಲಿ ಬಹಳ ಜನಕ್ಕೆ ಸಂಕೋಚ. ಆ ಸಂಕೋಚದ ಮೇಲೇ ಈ ವ್ಯಾಪಾರ ನಿಂತಿದೆ. ರಜೆಯ ಅರ್ಧ ದಿನಕ್ಕೆ ನೀವೇ ಬೆಲೆ ಕಟ್ಟಿ ನೋಡಿ, ಆಮೇಲೆ ತೀರ್ಮಾನಿಸಿ.

8. ಊಟ ಮತ್ತು ಆಟದ ಕೂಪನ್

ರೂಮಿನ ಜೊತೆ, ಅಥವಾ ಕ್ಲಬ್ ಕೌಂಟರಿನಲ್ಲಿ, ಇನ್ನೂ ಕೆಲವು ಕಾಗದ ಕೊಡುತ್ತಾರೆ. ಟೂ ಫಾರ್ ಒನ್ ಅಂದರೆ ಒಂದು ಊಟಕ್ಕೆ ದುಡ್ಡು ಕೊಟ್ಟರೆ ಎರಡನೆಯದು ಪುಕ್ಕಟೆ. ಇದರಲ್ಲಿ ಮೋಸವಿಲ್ಲ, ಇಬ್ಬರು ಹೋಗುವಾಗ ಬಳಸಿ. ಟಿಪ್ಸನ್ನು ಮಾತ್ರ ಪೂರ್ತಿ ಬಿಲ್ಲಿನ ಮೇಲೆ ಕೊಡುವುದು ಅಲ್ಲಿನ ರೂಢಿ.

ಫ್ರೀ ಪ್ಲೇ ಅಂದರೆ ನಿಮ್ಮ ಕ್ಲಬ್ ಕಾರ್ಡಿಗೆ ಹಾಕುವ ಆಟದ ದುಡ್ಡು. 10 ಡಾಲರ್ ಫ್ರೀ ಪ್ಲೇಯನ್ನು ನೋಟಾಗಿ ತೆಗೆಯಲು ಆಗುವುದಿಲ್ಲ. ಸ್ಲಾಟ್ ಮಷಿನ್ನಿನಲ್ಲಿ, ಅಂದರೆ ಗುಂಡಿ ಒತ್ತಿ ಆಡುವ ಜೂಜಿನ ಯಂತ್ರದಲ್ಲಿ, ಒಮ್ಮೆ ಆಡಿ ಮುಗಿಸಬೇಕು, ಗೆದ್ದದ್ದು ನಿಮ್ಮದು. ಆ ಹತ್ತು ಮುಗಿದ ಕೂಡಲೇ ಎದ್ದರೆ ಲಾಭ ನಿಮ್ಮದು. ಮಷಿನ್ನಿಗೆ ನಿಮ್ಮ ಜೇಬಿನ ಮೊದಲ ನೋಟು ಹೋದಾಗ ಆ ಕೂಪನ್ ಅವರಿಗೆ ಕೆಲಸ ಮಾಡತೊಡಗಿತು ಅಂತ ತಿಳಿಯಿರಿ.

ಮ್ಯಾಚ್ ಪ್ಲೇ ಸ್ವಲ್ಪ ಗೊಂದಲದ್ದು. 10 ಡಾಲರ್‌ನ ಮ್ಯಾಚ್ ಪ್ಲೇ ಕಾಗದವನ್ನು ನಿಮ್ಮ 10 ಡಾಲರ್ ಚಿಪ್ಪಿನ (ದುಡ್ಡಿನ ಬದಲು ಇಡುವ ಬಿಲ್ಲೆಯ) ಜೊತೆ ಇಟ್ಟು ಸಮ ಬಾಜಿ, ಅಂದರೆ ಗೆದ್ದರೆ ಇಟ್ಟಷ್ಟೇ ಲಾಭ ಸಿಗುವ ಬಾಜಿ ಆಡಬೇಕು. ಗೆದ್ದರೆ 20 ಡಾಲರ್ ಲಾಭ. ಸೋತರೆ ನಿಮ್ಮ 10 ಹೋಯಿತು, ಕಾಗದವೂ ಹೋಯಿತು. ರೂಲೆಟ್ ಅಂದರೆ ತಿರುಗುವ ಚಕ್ರದಲ್ಲಿ ಗೋಲಿ ಯಾವ ಮನೆಗೆ ಬೀಳುತ್ತದೆ ಅಂತ ಬಾಜಿ ಕಟ್ಟುವ ಆಟ. ಎರಡು ಸೊನ್ನೆಯ ರೂಲೆಟ್ ಚಕ್ರದಲ್ಲಿ 38 ಮನೆ ಇರುತ್ತವೆ, ಕೆಂಪು 18. ಅಂದರೆ ಕೆಂಪಿನ ಮೇಲೆ 38 ಸಲ ಆಡಿದರೆ ಸರಾಸರಿ 18 ಸಲ 20 ಡಾಲರ್ ಬರುತ್ತದೆ, 20 ಸಲ 10 ಡಾಲರ್ ಹೋಗುತ್ತದೆ. 360 ಬಂತು, 200 ಹೋಯಿತು, ಉಳಿದ 160ನ್ನು 38ರಿಂದ ಭಾಗಿಸಿ. ಹತ್ತು ಡಾಲರ್ ಕಾಗದದ ನಿಜ ಬೆಲೆ 4 ಡಾಲರ್ ಚಿಲ್ಲರೆ. ಅದೂ ಸರಾಸರಿಯಲ್ಲಿ. ನಿಮ್ಮದು ಒಂದೇ ಸಲದ ಆಟ, 10 ಡಾಲರ್ ಕಳೆದುಕೊಳ್ಳಲು ಸಿದ್ಧರಿಲ್ಲದಿದ್ದರೆ ಆ ಕಾಗದವನ್ನು ನೆನಪಿಗೆ ಇಟ್ಟುಕೊಳ್ಳಿ.

ಅಪ್ಪಿತಪ್ಪಿ ಸ್ಲಾಟ್‌ನಲ್ಲಿ ದೊಡ್ಡ ಮೊತ್ತ ಬಿತ್ತು ಅಂದರೆ, ಭಾರತದಿಂದ ಹೋದ ಪ್ರವಾಸಿಗಳಿಗೆ ಅಲ್ಲೇ 30 ಪರ್ಸೆಂಟ್ ತೆರಿಗೆ ಕಡಿದು ಉಳಿದದ್ದನ್ನು ಕೊಡುತ್ತಾರೆ. ಬ್ಲ್ಯಾಕ್‌ಜಾಕ್, ರೂಲೆಟ್, ಕ್ರ್ಯಾಪ್ಸ್, ಬ್ಯಾಕರಾ ಎಂಬ ಮೇಜಿನ ಆಟಗಳ ಗೆಲುವಿಗೆ ಈ ಕಡಿತ ಇಲ್ಲ.

9. ಮುಂದಿನ ಸಲದ ಆಫರ್ ಹೇಗೆ ಹುಟ್ಟುತ್ತದೆ?

"ನಮ್ಮ ಸ್ನೇಹಿತರಿಗೆ ಪ್ರತಿ ಸಲ ಬಿಟ್ಟಿ ರೂಮು ಬರುತ್ತೆ, ನಮಗ್ಯಾಕೆ ಬರಲ್ಲ?" ಇದು ಎರಡನೆಯ ಮಾಮೂಲು ಪ್ರಶ್ನೆ. ಬಿಟ್ಟಿ ರೂಮು, ಬಿಟ್ಟಿ ಊಟಕ್ಕೆ ಅಲ್ಲಿ ಕಾಂಪ್ ಅನ್ನುತ್ತಾರೆ. ಅದನ್ನು ಕೊಡುವುದು ನೀವು ಎಷ್ಟು ಸೋತಿರಿ ಅಂತ ನೋಡಿ ಅಲ್ಲ, ನೀವು ಆಡಿದ ರೀತಿಗೆ ಎಷ್ಟು ಸೋಲಬೇಕಿತ್ತು ಅನ್ನುವ ಅಂದಾಜು ನೋಡಿ. ಆ ಅಂದಾಜಿಗೆ ಥಿಯೊ ಎಂದು ಹೆಸರು.

ಸ್ಲಾಟ್ ಮಷಿನ್ನಿನ ಗುಂಡಿ ಒಂದು ಸಲ ಒತ್ತಿದರೆ ಒಂದು ಡಾಲರ್, ಗಂಟೆಗೆ 500 ಸಲ ಒತ್ತುತ್ತೀರಿ, ಮಷಿನ್ನು ಸರಾಸರಿ ನೂರಕ್ಕೆ 10 ಇಟ್ಟುಕೊಳ್ಳುತ್ತದೆ ಅಂದುಕೊಳ್ಳೋಣ. ನಿಮ್ಮ ಥಿಯೊ ಗಂಟೆಗೆ 50 ಡಾಲರ್. ಮೂರು ಗಂಟೆ ಆಡಿದರೆ 150. ಅದರ ಮೂರನೇ ಒಂದು ಪಾಲನ್ನು ಮರಳಿ ಕೊಡುತ್ತಾರೆ ಎಂದಿಟ್ಟುಕೊಂಡರೂ ನಿಮಗೆ ಸಿಕ್ಕಿದ್ದು 50 ಡಾಲರಿನ ಒಂದು ರಾತ್ರಿ. ಅದೇ ರೂಮನ್ನು ದುಡ್ಡು ಕೊಟ್ಟೇ ತಗೊಂಡಿದ್ದರೆ 100 ಡಾಲರ್ ಜೇಬಿನಲ್ಲಿ ಉಳಿಯುತ್ತಿತ್ತು. ಆ ಸ್ನೇಹಿತರಿಗೆ ಈ ಲೆಕ್ಕ ಹೇಳಬೇಡಿ, ಬೇಜಾರು ಮಾಡಿಕೊಳ್ಳುತ್ತಾರೆ.

ಹೇಗೂ ಸ್ವಲ್ಪ ಆಡುವವರು ನೀವಾದರೆ ಕ್ಲಬ್ ಕಾರ್ಡನ್ನು ಪ್ರತಿ ಸಲವೂ ಮಷಿನ್ನಿಗೆ ಹಾಕಿ, ಮೇಜಿನಲ್ಲಿ ಕೂತ ಕೂಡಲೇ ಆಟ ನಡೆಸುವ ಡೀಲರ್ ಕೈಗೆ ಕೊಡಿ. ನಾಲ್ಕು ಕಡೆ ಸ್ವಲ್ಪ ಸ್ವಲ್ಪ ಆಡುವುದಕ್ಕಿಂತ ಒಂದೇ ಕಂಪನಿಯ ಹೋಟೆಲ್‌ಗಳಲ್ಲಿ ಆಡಿದರೆ ಲೆಕ್ಕ ಒಂದೇ ಕಡೆ ಸೇರುತ್ತದೆ. ದಿನಕ್ಕೆ ಇಷ್ಟು ಅಂತ ಒಂದು ಸರಾಸರಿ ತೆಗೆಯುವುದು ಅವರ ವಾಡಿಕೆ. ಮೂರು ದಿನ ಐದೈದು ನಿಮಿಷ ಆಡಿದರೆ ಆ ಸರಾಸರಿ ನೆಲಕಚ್ಚುತ್ತದೆ. ಆಡುವುದಾದರೆ ಒಂದು ದಿನ ಆಡಿ, ಉಳಿದ ದಿನ ಕಾರ್ಡು ಹೊರತೆಗೆಯಲೇಬೇಡಿ.

ಏನೂ ಆಡದವರಿಗೂ ಒಂದು ದಾರಿ ಇದೆ. ಪ್ಲೇಸ್ಟುಡಿಯೋಸ್ ಎಂಬ ಕಂಪನಿಯ ಮೈವೇಗಸ್ ಥರದ ಫೋನ್ ಆಟಗಳಲ್ಲಿ, ದುಡ್ಡು ಹಾಕದೆ ಗಳಿಸಿದ ಪಾಯಿಂಟುಗಳನ್ನು ರೂಮು, ಊಟದ ಕೂಪನ್‌ಗೆ ಬದಲಾಯಿಸಿಕೊಳ್ಳಲು ಆಗುತ್ತದೆ. ತಾಳ್ಮೆ ಬೇಕು, ತಿಂಗಳುಗಟ್ಟಲೆ ಬೇಕಾಗುತ್ತದೆ. ಆಟದೊಳಗೆ "ಇಷ್ಟು ಡಾಲರ್ ಕೊಟ್ಟು ಚಿಪ್ಸ್ ಕೊಳ್ಳಿ" ಅಂತ ಕೇಳಿದಾಗಲೆಲ್ಲ ಬೇಡ ಅನ್ನಬೇಕು.

ಊರಿಗೆ ಬಂದ ಮೇಲೆ ಒಂದು ತಿಂಗಳು ಬಿಟ್ಟು ಕ್ಲಬ್ ಅಕೌಂಟಿಗೆ ಲಾಗಿನ್ ಆಗಿ ಆಫರ್ ಪುಟ ನೋಡಿ. ಇಮೇಲಿನಲ್ಲಿ ಬಾರದ ಆಫರ್ ಅಲ್ಲಿ ಕೂತಿರುವುದುಂಟು. ಅದೇ ಹೊತ್ತಿಗೆ ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟ್ ಕೂಡ ತೆಗೆದು, ಹೋಟೆಲಿನ ಬಿಲ್ಲಿನ ಜೊತೆ ಇಟ್ಟು ನೋಡಿ. ರೂಮು ಬಿಟ್ಟ ಮೇಲೆ ಸೇರಿಸಿದ ಖರ್ಚು ಏನಾದರೂ ಇದ್ದರೆ ಹೋಟೆಲಿಗೆ ಫೋನ್ ಮಾಡುವುದಕ್ಕೆ ಅದೇ ಸರಿಯಾದ ಸಮಯ. ತಿಂಗಳುಗಟ್ಟಲೆ ಬಿಟ್ಟು ಕೇಳಿದರೆ ಯಾರಿಗೂ ನೆನಪಿರುವುದಿಲ್ಲ.